ಮಾಡಿಲ್ಲದ ಸಂಕಗಳ ಊರಲ್ಲಿ

ಅಕ್ಕ ಈ ಸಲವೂ ಬಂದದ್ದು ಜುಲೈಯಲ್ಲೇ. ಅಮೆರಿಕದಲ್ಲಿ ಸ್ಕೂಲಿಗೆ ದೊಡ್ಡ ರಜೆ ಸಿಗೋದು ಆಗ, ನಮ್ಮ ಮಂಗಳೂರಲ್ಲಿ ಆಟಿ ತಿಂಗಳ ಮಳೆ ಹೊಯ್ಯೋದೂ ಆಗ. ಮೂರು ವಾರ ಇದ್ಲು, ಅದ್ರಲ್ಲಿ ಬಟ್ಟೆ ಸರಿಯಾಗಿ ಒಣಗಿದ್ದು ಲೆಕ್ಕ ಮಾಡಿ ನಾಲ್ಕು ದಿನ. ಬೀಚಿಗೆ ಹೋಗುವ ಅಂದ್ರೆ ಪಣಂಬೂರಲ್ಲಿ ನೀರಿನ ಹತ್ರ ಹೋದ್ರೆ ಸಾಕು ಸೀಟಿ ಊದ್ತಾರೆ, ಸೇಂಟ್ ಮೇರೀಸ್ ಐಲ್ಯಾಂಡಿಗೆ ಮಳೆಗಾಲದಲ್ಲಿ ಬೋಟೇ ಇಲ್ಲ, ಮಾಲಿಗೆ ಹೋಗುವ ಅಂದ್ರೆ ಅಕ್ಕ "ಮಾಲ್ ನೋಡ್ಲಿಕ್ಕೆ ನಾನು ಅಷ್ಟು ದೂರದಿಂದ ಬರ್ಬೇಕಿತ್ತಾ" ಅಂತ ಮುಖ ಸಿಂಡರಿಸ್ತಾಳೆ. ಹಾಗಾಗಿ ಒಂಬತ್ತು ವರ್ಷದ ಸೊಸೆಯನ್ನು ಮಳೆ ಸ್ವಲ್ಪ ಹೊಳವಾದಾಗೆಲ್ಲ ಪಾರ್ಕಿಗೆ ಕರ್ಕೊಂಡು ಹೋಗುವ ಡ್ಯೂಟಿ ಈ ಮಾಮನ ತಲೆಗೆ ಬಂತು.

ಮೊದಲನೇ ದಿನ ಕದ್ರಿ ಪಾರ್ಕ್. ಮಂಗಳೂರಲ್ಲಿ ಬೆಳೆದವನಿಗೆ ಪಾರ್ಕ್ ಅಂದ್ರೆ ಬೇರೆ ಯಾವುದು ಮಾರಾಯ್ರೆ. ನಾವು ಸಣ್ಣದಿರುವಾಗ ಅಲ್ಲಿ ಜಿಂಕೆ, ನವಿಲು, ಮಂಗ ಎಲ್ಲ ಇತ್ತು, ಆಮೇಲೆ ಅವೆಲ್ಲ ಪಿಲಿಕುಳದ ಝೂಗೆ ಶಿಫ್ಟ್ ಆದವು. ಬಾಲಮಂಗಳ ಎಕ್ಸ್‌ಪ್ರೆಸ್ ಅಂತ ಪುಟಾಣಿ ರೈಲು ಓಡ್ತಿತ್ತು, ಅದಕ್ಕೆ ಟಿಕೆಟ್ ತೆಗೆಸಿ ಕೊಡದೆ ಅಪ್ಪ ಒಮ್ಮೆ ನನ್ನನ್ನು ಹಾಗೇ ವಾಪಸ್ ಕರ್ಕೊಂಡು ಬಂದದ್ದು, ನಾನು ಪದವಿನವರೆಗೆ ಅತ್ತದ್ದು ಈಗಲೂ ನೆನಪುಂಟು. ಇದನ್ನೆಲ್ಲ ಪುಟ್ಟಿಗೆ ಹೇಳಿದೆ. ಅವಳು ಕೇಳಿಸ್ಕೊಳ್ಲೇ ಇಲ್ಲ, ಸೀದಾ ಓಡಿ ಜಾರುಬಂಡಿ ಹತ್ತಿದ್ಲು, ಕೆಳಗೆ ಮಳೆ ನೀರು ನಿಂತು ಸಣ್ಣ ಕೆರೆ ಆಗಿತ್ತು, ಚಪ್ ಅಂತ ಅದರಲ್ಲೇ ಲ್ಯಾಂಡಿಂಗ್. ಎರಡನೇ ಸಲ ಬೇಕಂತಲೇ. ಮೂರನೇ ಸಲ ಅವಳ ಹಿಂದೆ ಊರಿನ ನಾಲ್ಕು ಮಕ್ಕಳು ಕ್ಯೂ ನಿಂತಿದ್ವು, ಅವರ ಅಮ್ಮಂದಿರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯೋದು ಬೇಡ.

ಒದ್ದೆಮುದ್ದೆಯಾಗಿ ಚರುಮುರಿ ತಿನ್ನುವಾಗ ಕೇಳಿದ್ಲು, "ಮಾಮ, ಬ್ರಿಜ್ ಎಲ್ಲಿ?"

"ಯಾವ ಬ್ರಿಜ್?"

"ಪಾರ್ಕಿನ ಬ್ರಿಜ್. ಮನೆ ಹಾಗೆ ಇರ್ತದಲ್ಲ, ಅದು."

ಇವಳಿಗೆ ಎಂತದೋ ಕಾರ್ಟೂನ್ ನೆನಪಾಗಿದೆ ಅಂದ್ಕೊಂಡೆ. ಮನೆಗೆ ಬಂದು ಅಕ್ಕನ ಹತ್ರ ಕೇಳಿದಾಗ ಗೊತ್ತಾದದ್ದು. ಅಕ್ಕ ಇರೋದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಕಾರಿನ ಪಕ್ಕದಲ್ಲೇ ಆಮಿಶ್ ಅಂತ ಹಳೇ ಕಾಲದ ರೀತಿಯಲ್ಲೇ ಬದುಕುವ ಪಂಗಡದ ಜನ ಕುದುರೆಗಾಡಿಯಲ್ಲಿ ಹೋಗುವ ಜಾಗ. ಅಲ್ಲಿ ಹಳೇ ಮರದ ಸೇತುವೆಗಳಿಗೆ ಮೇಲೆ ಮಾಡು (ಮನೆಗೆ ಇರುವಂಥ ಚಾವಣಿ), ಎರಡೂ ಸೈಡಿಗೆ ಹಲಗೆ ಗೋಡೆ, ದೂರದಿಂದ ನೋಡಿದ್ರೆ ಹೊಳೆ ಮೇಲೆ ಯಾರೋ ದನದ ಹಟ್ಟಿ ಕಟ್ಟಿ ಎರಡು ಕಡೆ ಬಾಗಿಲು ಇಡ್ಲಿಕ್ಕೆ ಮರ್ತಿದ್ದಾರೆ ಅನ್ನುವ ಹಾಗೆ. ಕವರ್ಡ್ ಬ್ರಿಜ್ ಅಂತಾರೆ. ಆ ಒಂದು ಕೌಂಟಿಯಲ್ಲೇ ಇಪ್ಪತ್ತಕ್ಕಿಂತ ಜಾಸ್ತಿ ಉಂಟಂತೆ, ಪೆನ್ಸಿಲ್ವೇನಿಯಾ ಇಡೀ ತೆಗೊಂಡ್ರೆ ಇನ್ನೂರರ ಮೇಲೆ, ಅಮೆರಿಕದಲ್ಲಿ ಇಷ್ಟು ಉಳಿದಿರುವ ರಾಜ್ಯ ಬೇರೆ ಇಲ್ಲ. ಇವರು ಯಾವಾಗಲೂ ಹೋಗುವ ಪಾರ್ಕಿನಲ್ಲೇ ಒಂದುಂಟು, ಕರ್ಟ್ಸ್ ಮಿಲ್ ಬ್ರಿಜ್ ಅಂತ, 1876ರದ್ದು. ಅದು ಮೊದಲು ಬೇರೆ ಕಡೆ ಇದ್ದದ್ದು, 1972ರಲ್ಲಿ ಆಗ್ನೆಸ್ ಅಂತ ಚಂಡಮಾರುತ ಬಂದು ನೆರೆಗೆ ಪೆಟ್ಟು ತಿಂದಿತ್ತು, ಆಮೇಲೆ ಅದನ್ನು ತಂದು ಪಾರ್ಕಿನೊಳಗೆ ಕೂರಿಸಿದ್ರು. ಈಗ ಅದ್ರ ಮೇಲೆ ಕಾರೂ ಹೋಗ್ತದೆ. ಹುಟ್ಟಿದಾಗಿಂದ ಅದೇ ಪಾರ್ಕ್ ನೋಡಿದ ಮಗುವಿಗೆ ಪಾರ್ಕ್ ಅಂದ್ರೆ ಜಾರುಬಂಡಿ, ಉಯ್ಯಾಲೆ, ಮತ್ತೆ ಮಾಡು ಇರುವ ಸಂಕ (ಸೇತುವೆಗೆ ನಮ್ಮ ಕಡೆ ಸಂಕ ಅಂತಾರೆ), ಅಷ್ಟೇ. ನಮಗೆ ಚರುಮುರಿ ಇಲ್ಲದ ಪಾರ್ಕ್ ಹೇಗೋ ಹಾಗೆ.

ಅಮ್ಮ ಅಡುಗೆಮನೆಯಿಂದಲೇ, "ಸಂಕಕ್ಕೆ ಮಾಡಾ? ಅಲ್ಲಿ ಯಾರು ಮಲಗ್ಲಿಕ್ಕುಂಟು?"

ಅಮ್ಮನ ಪ್ರಶ್ನೆ ನನ್ನದೂ ಆಗಿತ್ತು ಅಂತ ಒಪ್ಕೊಳ್ತೇನೆ. ಜನ ಒದ್ದೆ ಆಗ್ಬಾರ್ದು ಅಂತ ಇರ್ಬೇಕು ಅಂದೆ. ಪುಟ್ಟಿ "ನೋ ಮಾಮ" ಅಂತ ಟೀಚರ್ ಹಾಗೆ ಶುರು ಮಾಡಿದ್ಲು, ಸ್ಕೂಲಲ್ಲಿ ಐಸ್‌ಕ್ರೀಮ್ ಕಡ್ಡಿಯಲ್ಲಿ ಮಾಡೆಲ್ ಬೇರೆ ಮಾಡಿದ್ಲಂತೆ. ಮಾಡು ಇರೋದು ಜನಕ್ಕಲ್ಲ, ಕುದುರೆ ನೀರು ನೋಡಿ ಹೆದರ್ತದೆ ಅಂತಾನೂ ಅಲ್ಲ (ಇದು ಅಲ್ಲಿ ಎಲ್ಲರೂ ಹೇಳುವ ಕತೆಯಂತೆ), ಮಾಡು ಇರೋದು ಸೇತುವೆಗೇ. ಮರದ ಸೇತುವೆಯ ಭಾರ ಪೂರ್ತಿ ಹೊರೋದು ಎರಡು ಬದಿಯ ದೊಡ್ಡ ದೊಡ್ಡ ತೊಲೆಗಳ ಚೌಕಟ್ಟು, ತ್ರಿಕೋನ ತ್ರಿಕೋನವಾಗಿ ಜೋಡಿಸಿದ್ದು. ಅದ್ರ ಜಾಯಿಂಟಿಗೆ ನೀರು ಹೋಗಿ, ಒಣಗಿ, ಮತ್ತೆ ನೀರು ಹೋಗಿ ಹತ್ತು ಹದಿನೈದು ವರ್ಷದಲ್ಲಿ ಕುಂಬಾಗ್ತದೆ, ಅಂದ್ರೆ ಕೊಳೆತು ಹೋಗ್ತದೆ. ನಡೆಯುವ ಹಲಗೆ ಹೋದ್ರೆ ಹೋಯ್ತು, ಬೇರೆ ಹಾಕ್ಬಹುದು, ಆದ್ರೆ ಆ ಚೌಕಟ್ಟು ಹೋದ್ರೆ ಸೇತುವೆಯೇ ಹೋಯ್ತು. ಅದಕ್ಕೆ ಚೌಕಟ್ಟಿಗೆ ಮಳೆ ತಾಗದ ಹಾಗೆ ಮಾಡು, ಗೋಡೆ. ಹಾಗೆ ಮುಚ್ಚಿಟ್ಟದ್ದು ನೂರು ನೂರೈವತ್ತು ವರ್ಷ ನಿಂತಿದೆ. ಅಲ್ಲಿಯ ಮೊದಲ ಮಾಡಿನ ಸೇತುವೆ ಫಿಲಡೆಲ್ಫಿಯಾದ ಶೂಲ್ಕಿಲ್ ನದಿ ಮೇಲೆ 1805ರಲ್ಲಿ ಮುಗಿದದ್ದು, ಆಮೇಲೆ ಥಿಯೋಡೋರ್ ಬರ್ ಅನ್ನುವವ ಆ ತ್ರಿಕೋನದ ಚೌಕಟ್ಟಿಗೆ ದೊಡ್ಡ ಕಮಾನೊಂದನ್ನು ಸೇರಿಸಿ 1817ರಲ್ಲಿ ಪೇಟೆಂಟ್ ತೆಗೊಂಡ, ಲ್ಯಾಂಕಾಸ್ಟರ್ ಕಡೆಯವು ಹೆಚ್ಚಿನವು ಅದೇ ಡಿಸೈನ್. ನನಗೆ ತುಂಬ ಖುಷಿಯಾದದ್ದು ಇನ್ನೊಂದು ವಿಷಯ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಗಾಡಿ ಬರ್ತಾವಲ್ಲ, ಅವು ಸೇತುವೆ ಒಳಗೆ ಬಂದ್ರೆ ಬರೀ ಹಲಗೆ, ಜಾರೋದಿಲ್ಲ, ಅದಕ್ಕೆ ಹೊರಗಿಂದ ಹಿಮ ತಂದು ಸೇತುವೆ ಒಳಗೆ ಸುರಿಲಿಕ್ಕೆ ಜನ ಇಡ್ತಿದ್ರಂತೆ, ಸಂಬಳ ಕೊಟ್ಟು! ಮಾಡು ಹಾಕಿ ಹಿಮ ತಡೆಯೋದು, ಮತ್ತೆ ಬುಟ್ಟಿಯಲ್ಲಿ ಹಿಮ ಹೊತ್ತು ಒಳಗೆ ಹಾಕೋದು. ಸರಕಾರಿ ಕೆಲಸ ಎಲ್ಲ ಕಡೆ ಒಂದೇ ಥರ ಅಂತ ಬಾವ ಅಂದ್ರು.

"ಇಲ್ಲಿ ಮಳೆ ಜಾಸ್ತಿ ಅಲ್ವಾ ಮಾಮ, ಹಾಗಾದ್ರೆ ಇಲ್ಲಿ ಜಾಸ್ತಿ ಇರ್ಬೇಕು." ಪುಟ್ಟಿಯ ಲಾಜಿಕ್ ಅದು. ಲಾಜಿಕ್ ಸರಿಯೇ. ನಮಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಬೀಳ್ತದೆ, ಅವರಿಗೆ ಅದ್ರ ಮೂರನೇ ಒಂದು ಪಾಲು ಬಿದ್ರೆ ಹೆಚ್ಚು. ಅದೂ ಹಂಚಿನ ಊರು ನಮ್ಮದು, 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಫ್ಯಾಕ್ಟರಿ ಹಾಕಿದ ಮೇಲೆ ಎಲ್ಲೆಲ್ಲಿಯವರ ಮನೆಗೋ ಮಾಡು ಹೊದೆಸಿದವರು ನಾವು. ನಮ್ಮಲ್ಲಿ ಒಂದು ಸಂಕಕ್ಕೂ ಮಾಡಿಲ್ವಾ? ನೋಡುವ ಅಂತ ನಾನೂ ಹಠಕ್ಕೆ ಬಿದ್ದೆ, ಮಳೆಗಾಲದಲ್ಲಿ ಮಾಡ್ಲಿಕ್ಕೆ ಬೇರೆ ಕೆಲಸವೂ ಇರ್ಲಿಲ್ಲ ಅನ್ನಿ.

ಪಾರ್ಕ್ ಸುತ್ತೋದಂತೂ ಮುಂದುವರಿತು. ಬಾವುಟಗುಡ್ಡೆಯ ಟ್ಯಾಗೋರ್ ಪಾರ್ಕಿಗೆ ಹೋದೆವು, ಮಗುವಿಗೆ ಅಲ್ಲಿ ಆಡ್ಲಿಕ್ಕೆ ದೊಡ್ಡದೇನಿಲ್ಲ, ಆದ್ರೆ ಹಳೇ ಲೈಟ್‌ಹೌಸ್ ನೋಡಿ ಕಣ್ಣರಳಿಸಿದ್ಲು. 1837ರಲ್ಲಿ ಸುಳ್ಯ ಕಡೆಯಿಂದ ರೈತರು ದಂಡು ಕಟ್ಕೊಂಡು ಬಂದು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ್ದು ಇದೇ ಗುಡ್ಡೆಯಲ್ಲಿ ಅಂತ, ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಎದುರು ನಿಂತು ಹೇಳಿದೆ, 2022ರಲ್ಲಿ ಹಾಕಿದ್ದು ಅದು. "ಎಷ್ಟು ದಿನ ಗೆದ್ರು?" ಅಂತ ಕೇಳಿದ್ಲು. ಸುಮಾರು ಎರಡು ವಾರ. "ನಾವು ಇಲ್ಲಿ ಇರೋದು ಅದಕ್ಕಿಂತ ಜಾಸ್ತಿ" ಅಂದ್ಲು.

ನಮ್ಮ ಮನೆ ಹತ್ತಿರದ ಪಾರ್ಕಿನ ವಿಷಯ ಹೇಳಿ ಬಿಡ್ತೇನೆ, ಹೆಸರು ಬೇಡ. ಬೆಳಗ್ಗೆ ವಾಕಿಂಗಿನವರಿಗೆ ತೆರಿತಾರೆ, ಮಕ್ಕಳಿಗೆ ಟೈಮ್ ಸಿಗುವ ಹೊತ್ತಿಗೆ ಬೀಗ. ಡಿಸಿ ಸಾಹೇಬ್ರು ರೆಡ್ ಅಲರ್ಟಿಗೆ ರಜೆ ಕೊಟ್ಟ ದಿನ ಹತ್ತು ಗಂಟೆಗೆ ಬಿಸಿಲೇ ಬಂದುಬಿಟ್ಟಿತ್ತು (ರಜೆ ಕೊಟ್ಟ ದಿನ ಬಿಸಿಲು ಬರೋದು ನಮ್ಮ ಜಿಲ್ಲೆಯ ನಿಯಮ), ಮಕ್ಕಳೆಲ್ಲ ಗೇಟಿನ ಹೊರಗೆ, ಒಳಗೆ ಉಯ್ಯಾಲೆ ಒಂದೇ ಗಾಳಿಗೆ ಅಲ್ಲಾಡ್ತಾ ಇತ್ತು. ಸಮುದ್ರದ ಉಪ್ಪು ಗಾಳಿಗೆ ಉಯ್ಯಾಲೆಯ ಚೈನ್ ಎರಡು ವರ್ಷದಲ್ಲಿ ತುಕ್ಕು ಹಿಡಿತದೆ, ಒಂದು ಹೋದ್ರೆ ಮತ್ತೆ ಹಾಕೋದು ಮುಂದಿನ ಎಲೆಕ್ಷನಿಗೆ. ಮಧ್ಯದಲ್ಲಿ ಹುಲ್ಲು, ಹುಲ್ಲಿಗೆ ಕಾಲಿಡ್ಬಾರ್ದು ಅಂತ ಬೋರ್ಡು. ಸುತ್ತ ಇಂಟರ್‌ಲಾಕ್. ಪಾರ್ಕ್ ಮಾಡೋದು ಅಂದ್ರೆ ನಮ್ಮಲ್ಲಿ ಇಂಟರ್‌ಲಾಕ್ ಹಾಕೋದು, ಅಷ್ಟೇ. ಎಪ್ಪತ್ತು ದಾಟಿದವರಿಗೆ ನಡಿಲಿಕ್ಕೆ ಜಾಗ ಬೇಕು ಸರಿ, ಅದಕ್ಕೆ ನಂದು ತಕರಾರಿಲ್ಲ, ಆದ್ರೆ ಏಳು ವರ್ಷದವರು ಎಲ್ಲಿ ಬೀಳ್ಬೇಕು? ಮಕ್ಕಳು ಬಿದ್ದು ಮೊಣಕಾಲು ಕೆತ್ತಿಸ್ಕೊಳ್ಲಿಕ್ಕಾದ್ರೂ ಒಂದು ಜಾಗ ಬೇಕಲ್ಲ ಮಾರಾಯ್ರೆ. ನಮಗೆ ನೆಹರೂ ಮೈದಾನ ಇತ್ತು, ಗುಡ್ಡೆ ಇತ್ತು, ಪಕ್ಕದ ಮನೆಯ ಗೇರು ಮರ ಇತ್ತು.

ಪಿಲಿಕುಳ ಮಾತ್ರ ಮಕ್ಕಳಿಗೆ ನಿಜವಾಗಿ ಹಬ್ಬ. ಒಂದಿಡೀ ದಿನ ಬೇಕು. ಹುಲಿ ನೀರು ಕುಡಿಲಿಕ್ಕೆ ಬರ್ತಿದ್ದ ಕೆರೆ, ಪಿಲಿ ಅಂದ್ರೆ ತುಳುವಿನಲ್ಲಿ ಹುಲಿ ಅಂತ ಹೇಳಿದ್ದೇ ಪುಟ್ಟಿ ದಿನವಿಡೀ ಸಿಕ್ಕ ಸಿಕ್ಕವರಿಗೆಲ್ಲ "ಪಿಲಿ, ಪಿಲಿ" ಅಂತ ಉಗುರು ತೋರಿಸಿದ್ದು. ಅಲ್ಲಿಯ ಗುತ್ತಿನ ಮನೆಯ (ತುಳುನಾಡಿನ ಹಳೇ ಥರದ ದೊಡ್ಡ ಮನೆ) ಹತ್ರ ಮಳೆ ಜೋರು ಬಂತು, ಮಾಡಿನ ಕೆಳಗೆ ನಿಂತೆವು. ಕಂಬಕ್ಕೆ ಒರಗಿ, ಮಾಡಿನ ಅಂಚು ಎಷ್ಟು ಕೆಳಗೆ ಇಳ್ದಿದೆ ಅಂತ ಬಾವ ಕೈಯಲ್ಲಿ ಅಳತೆ ಮಾಡ್ತಾ ಇದ್ರು, "ಗೋಡೆ ಮತ್ತೆ ಕಂಬದ ಬುಡ ಒದ್ದೆಯಾಗ್ಬಾರ್ದು ಅಂತ ಇಷ್ಟು ಇಳಿಸಿದ್ದು, ನಿನ್ನ ಮಗಳ ಬ್ರಿಜ್ಜಿನದ್ದೇ ಐಡಿಯಾ" ಅಂತ ಅಕ್ಕನಿಗೆ ಹೇಳಿದ್ರು. ಆ ದಿನ ಅದು ನನ್ನ ತಲೆಗೆ ಅಷ್ಟಾಗಿ ಹೋಗ್ಲಿಲ್ಲ.

ಪಿಲಿಕುಳದಿಂದ ವಾಪಸ್ ಬರೋದು ಬಿಟ್ಟು ವಾಮಂಜೂರು ದಾಟಿ ಗುರುಪುರಕ್ಕೆ ಹೋದೆವು. ಅಲ್ಲಿ ಫಲ್ಗುಣಿ ಹೊಳೆಗೆ 1923ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಹಳೇ ಸೇತುವೆ, ಪಕ್ಕದಲ್ಲಿ 2020ರಲ್ಲಿ ಶುರುವಾದ ಹೊಸತು. ಹಳೇದ್ರಲ್ಲಿ ಎದುರಿಂದ ಒಂದು ಬಸ್ ಬಂದ್ರೆ ಈಚೆಯವ ಉಸಿರು ಬಿಗಿ ಹಿಡ್ಕೊಂಡು ನಿಲ್ಬೇಕಿತ್ತು, ಕಾಲೇಜಿಗೆ ಹೋಗುವಾಗ ಫುಟ್‌ಬೋರ್ಡಲ್ಲಿ ನೇತಾಡ್ತಾ ಎಷ್ಟು ಸಲ ದಾಟಿದ್ದೇನೆ, ಒಂದು ಸಲವೂ ಅದನ್ನು ನೋಡಿರ್ಲಿಲ್ಲ. ಈಗ ಹೊಸ ಸೇತುವೆಯಲ್ಲಿ ಹೋಗುವಾಗ ಮೊದಲ ಸಲ ಕಣ್ತುಂಬ ನೋಡಿದೆ. ಪುಟ್ಟಿಗೆ ಇಂಟ್ರೆಸ್ಟ್ ಇಲ್ಲ. "ಮಾಡಿಲ್ಲ" ಅಂದ್ಲು. ನಾಲಿಗೆಗೆ ಕನ್ನಡ ಹೊರಳುವುದಿಲ್ಲ ಅಂತ ಅಕ್ಕ ಬೇಜಾರು ಮಾಡ್ಕೊಳ್ತಿದ್ಲು, ಮಾಡು ಅನ್ನುವ ಶಬ್ದ ಮಾತ್ರ ಒಂದೇ ವಾರದಲ್ಲಿ ಬಾಯಿಪಾಠ ಆಗಿತ್ತು.

ಮುಂದಿನ ಭಾನುವಾರ ಉಡುಪಿ. ಕೂಳೂರಲ್ಲಿ ಯಥಾಪ್ರಕಾರ ಟ್ರಾಫಿಕ್ ಜಾಮ್, ಒಳ್ಳೇದೇ ಆಯ್ತು, 1952ರ ಹಳೇ ಕಮಾನು ಸೇತುವೆಯನ್ನು ನಿಧಾನಕ್ಕೆ ನೋಡ್ಲಿಕ್ಕೆ ಸಿಕ್ಕಿತು. ಪುಟ್ಟಿ ಕಿಟಕಿಯಿಂದ ಕಮಾನು ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು, "ಇದಕ್ಕೆ ಮಾಡು ಹಾಕ್ಲಿಕ್ಕೆ ಮರ್ತು ಹೋಗಿದೆ" ಅಂತ ತೀರ್ಪು ಕೊಟ್ಲು. ಅವಳಿಗೆ ಬರ್ ಸಾಹೇಬನ ಕಮಾನು ಕಂಡಿರ್ಬೇಕು. ಸಿಮೆಂಟಿಗೆ ಮಾಡು ಬೇಡ ಪುಟ್ಟಿ ಅಂದೆ. ಅಷ್ಟಕ್ಕೆ ಬಾವ, ಬೇಡ ಅಂತ ಇವರು ಅಂದ್ಕೊಂಡಿದ್ದಾರೆ, ಒಳಗಿನ ಕಬ್ಬಿಣದ ಹತ್ರ ಕೇಳಿದ್ರೆ ಬೇರೆ ಹೇಳ್ತದೆ ಅಂತ ಶುರು ಮಾಡಿದ್ರು. 2018ರಲ್ಲಿ ಮೂಲರಪಟ್ಣದ್ದು ಮುರಿದು ಬಿದ್ದದ್ದು, 2021ರಲ್ಲಿ ಏರ್‌ಪೋರ್ಟ್ ದಾರಿಯ ಮರವೂರಿನದ್ದು ಕುಸಿದದ್ದು, ಎರಡೂ ಇದೇ ಫಲ್ಗುಣಿ ಮೇಲೆ. ಆಮೇಲೆ ಹಳೆಯಂಗಡಿ ಬರುವವರೆಗೆ ಕಾರಲ್ಲಿ ಸೇತುವೆ ಕುಸಿಯೋದ್ರ ಬಗ್ಗೆಯೇ ಮಾತು, ಮುಲ್ಕಿಯಲ್ಲಿ ಶಾಂಭವಿ ಹೊಳೆ ದಾಟುವಾಗ ಅಮ್ಮ ಕಣ್ಣು ಮುಚ್ಚಿ ಕೂತಿದ್ರು.

ಮಣಿಪಾಲದಲ್ಲಿ ಮಣ್ಣಪಳ್ಳ ಕೆರೆಗೆ ಒಂದು ಸುತ್ತು ಹಾಕಿ, ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಅರ್ಧ ಗಂಟೆ ಆಡಿ (ಇದು ಚಂದ ಉಂಟು, ಮರ ದೊಡ್ಡದು, ಮಳೆ ಬಂದ್ರೆ ಕೊಡೆ ಬಿಡಿಸುವಷ್ಟು ಟೈಮ್ ಕೊಡ್ತದೆ), ಊಟ ಮಾಡಿ, ಸಂತೆಕಟ್ಟೆಯಿಂದ ಒಳಗೆ ತಿರುಗಿ ಕೆಮ್ಮಣ್ಣು. ತಿಮ್ಮಣ್ಣ ಕುದ್ರು ಅನ್ನುವ, ಹೊಳೆ ನಡುವಿನ ದ್ವೀಪಕ್ಕೆ ಹೋಗುವ ತೂಗುಸೇತುವೆ. ಸ್ವರ್ಣಾ ನದಿ ತುಂಬಿ ಚಾ ಬಣ್ಣಕ್ಕೆ ತಿರುಗಿತ್ತು, ಆಚೆ ದಡದ ತೆಂಗಿನ ಮರಗಳ ಬುಡಕ್ಕೆ ಇನ್ನು ಎರಡಡಿ ಬಾಕಿ. ಸೇತುವೆಯ ಮೇಲೆ ಕಾಲಿಟ್ಟ ಕೂಡ್ಲೇ ಅದು ಕಾಲಿನ ಕೆಳಗೆ ಉಸಿರಾಡಿದ ಹಾಗೆ ಆಗ್ತದಲ್ಲ, ಪುಟ್ಟಿ ಅಲ್ಲೇ ನಿಂತ್ಲು. ಒಂದು ಹೆಜ್ಜೆ. ಇನ್ನೊಂದು. ಆಮೇಲೆ ಗೊತ್ತಾಯ್ತು ನೋಡಿ, ಇದು ಇಡೀ ಒಂದು ಉಯ್ಯಾಲೆ ಅಂತ. ಕುಣಿಲಿಕ್ಕೆ ಶುರು. ಬಾವ ಬೊಬ್ಬೆ ಹಾಕಿದ್ರು, 2022ರಲ್ಲಿ ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕಡಿದು ನೂರ ಮೂವತ್ತಕ್ಕಿಂತ ಹೆಚ್ಚು ಜನ ಹೋದ ಮೇಲೆ ಯಾರಿಗೆ ಆದ್ರೂ ಹೆದರಿಕೆಯೇ ಅಲ್ವಾ. ಅಷ್ಟರಲ್ಲಿ ಆಚೆಯಿಂದ ಒಬ್ಬರು ಅಜ್ಜಿ, ಒಂದು ಕೈಯಲ್ಲಿ ರೇಷನ್ ಚೀಲ, ಇನ್ನೊಂದರಲ್ಲಿ ಕೊಡೆ, ಯಾವುದನ್ನೂ ಹಿಡ್ಕೊಳ್ಳದೆ ಮನೆ ಜಗಲಿಯಲ್ಲಿ ಬಂದ ಹಾಗೆ ಬಂದ್ರು. ಸೆಲ್ಫಿ ತೆಗಿತಿದ್ದವರೆಲ್ಲ ಬದಿಗೆ ಸರಿದು ನಿಂತ್ರು. ನಮಗೆ ಅದು ಟೂರಿಸ್ಟ್ ಪಾಯಿಂಟ್, ಅವರಿಗೆ ಅದು ಅಂಗಡಿಗೆ ಹೋಗುವ ದಾರಿ.

ತೂಗುಸೇತುವೆ ಅಂದ್ಕೂಡ್ಲೇ ನಮ್ಮ ಸುಳ್ಯದ ಗಿರೀಶ್ ಭಾರದ್ವಾಜರನ್ನು ಹೇಳದಿದ್ರೆ ಹೇಗೆ. ಮೆಕ್ಯಾನಿಕಲ್ ಇಂಜಿನಿಯರ್, 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಊರವರ ಜೊತೆ ಸೇರಿ ಮೊದಲ ತೂಗುಸೇತುವೆ ಕಟ್ಟಿದವರು, ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಅಂತ ನೂರಕ್ಕೂ ಮೇಲೆ, 2017ರಲ್ಲಿ ಪದ್ಮಶ್ರೀ. ದೊಡ್ಡ ಸೇತುವೆಗೆ ಕೋಟಿಗಟ್ಟಲೆ ಬೇಕು, ಫೈಲು ಹತ್ತು ವರ್ಷ ಓಡಾಡ್ತದೆ, ಇವರದ್ದು ಕೆಲವು ತಿಂಗಳಲ್ಲಿ ಜನ ಆಚೆ ದಡಕ್ಕೆ. ಪ್ರತಿಮೆ ಹಾಕೋದಾದ್ರೆ ಯಾವುದಾದ್ರೂ ಪಾರ್ಕಲ್ಲಿ ಇಂಥವರದ್ದು ಹಾಕ್ಬೇಕು, ಪಕ್ಕದಲ್ಲಿ ಮಕ್ಕಳಿಗೆ ಅಲ್ಲಾಡಿಸ್ಲಿಕ್ಕೆ ಒಂದು ಸಣ್ಣ ತೂಗುಸಂಕ.

ಆದ್ರೆ ಮಾಡು? ಇಲ್ಲ. ಪುಟ್ಟಿ ಮೇಲೆ ನೋಡಿ ಹಗ್ಗ ಮಾತ್ರ ಉಂಟು ಅಂತ ಲಿಸ್ಟಲ್ಲಿ ಕ್ರಾಸ್ ಹಾಕಿದ್ಲು. ಹೌದು, ಲಿಸ್ಟ್ ಬೇರೆ ಮಾಡ್ಕೊಂಡಿದ್ಲು.

ಕೊನೆಯ ವಾರ ಅಮ್ಮನ ತವರಿಗೆ ಹೋದದ್ದು. ವಿಟ್ಲದಿಂದ ಒಳಗೆ. ಬಿಸಿರೋಡ್ ದಾಟಿ ನೇತ್ರಾವತಿ ಬಂದಾಗ ಅಮ್ಮ ಪಾಣೆಮಂಗಳೂರಿನ ಹಳೇ ಸೇತುವೆ ಕಡೆ ಕೈ ತೋರಿಸಿ, ಮದುವೆಯಾಗಿ ಬಂದದ್ದು ಅದ್ರ ಮೇಲೆ ಅಂದ್ರು. ನೂರು ವರ್ಷ ದಾಟಿದ ಸಂಕ. ಬಂಟ್ವಾಳದವರು ಈಗಲೂ ಯಾವ ನೆರೆ ಬಂದ್ರೂ "ಎಪ್ಪತ್ನಾಲ್ಕರಷ್ಟಿಲ್ಲ" ಅಂತ ಅಳತೆ ಮಾಡೋದು, 1974ರ ನೆರೆಗೆ. ಅಕ್ಕನಿಗೆ ತಟ್ಟಂತ ಅವಳ ಊರಿನ 1972 ನೆನಪಾಯ್ತು. "ಅಲ್ಲಿ ಸಹ ಹಾಗೇ, ಮುದುಕರು ಎಲ್ಲದಕ್ಕೂ ಆಗ್ನೆಸ್ ಆಗ್ನೆಸ್ ಅಂತಾರೆ" ಅಂದ್ಲು. ಕಲ್ಲಡ್ಕದಲ್ಲಿ ಕೆಟಿ, ಅಂದ್ರೆ ಕಲ್ಲಡ್ಕ ಟೀ, ಕುಡಿಲಿಕ್ಕೆ ನಿಲ್ಲಿಸಿದೆವು, ಕೆಳಗೆ ಹಾಲು ಮೇಲೆ ಡಿಕಾಕ್ಷನ್ ಬೇರೆ ಬೇರೆ ನಿಂತ ಆ ಗ್ಲಾಸನ್ನು ಪುಟ್ಟಿ ಕುಡಿಲೇ ಇಲ್ಲ, ಬರೀ ನೋಡಿದ್ಲು.

ಅಮ್ಮನ ತವರಿನ ತೋಟಕ್ಕೆ ಹೋಗ್ಬೇಕಾದ್ರೆ ತೋಡು, ಅಂದ್ರೆ ಸಣ್ಣ ಹಳ್ಳ, ದಾಟ್ಬೇಕು. ತೋಡಿಗೆ ಅಡಿಕೆ ಮರದ ಸಂಕ, ಮೂರು ಮರ ಪಕ್ಕಪಕ್ಕ ಮಲಗಿಸಿ ಹಗ್ಗದಲ್ಲಿ ಬಿಗಿದದ್ದು, ಹಿಡ್ಕೊಳ್ಲಿಕ್ಕೆ ಒಂದು ಬದಿ ಬಿದಿರಿನ ಗಳ. ಕೆಳಗೆ ಕೆಂಪು ನೀರು ಸೊಂಯ್ ಅಂತ ಹೋಗ್ತಾ ಇತ್ತು. ನಾವು ಸಣ್ಣದಿರುವಾಗ ಇದ್ರ ಮೇಲೆ ಓಡ್ತಿದ್ದೆವು ಅಂತ ಜಂಬ ಕೊಚ್ಚಿದೆ, ಕಾಲಿಟ್ಟ ಮೇಲೆ ಗೊತ್ತಾದದ್ದು ಎಂಬತ್ತೈದು ಕೆಜಿಗೆ ಅದು ಬೇರೆಯೇ ಸಂಕ ಅಂತ. ಪಾಚಿ ಬೇರೆ. ಪುಟ್ಟಿಯನ್ನು ದಾಟಿಸ್ಲಿಕ್ಕೆ ನಾನು ಬಿಡ್ಲಿಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಬರ್ತಿದ್ದ ಎರಡನೇ ಕ್ಲಾಸಿನ ಮಗು ಕಾಲುಸಂಕದಿಂದ ಬಿದ್ದು ನೀರುಪಾಲಾದದ್ದು ಪೇಪರಲ್ಲಿ ಓದಿದವರಿಗೆ ಇಂಥ ಕಡೆ ಮಕ್ಕಳ ಕೈ ಬಿಡ್ಲಿಕ್ಕೆ ಧೈರ್ಯ ಬರೋದಿಲ್ಲ. ಎಷ್ಟೋ ಮಕ್ಕಳಿಗೆ ಈಗಲೂ ಅದೇ ಶಾಲೆ ದಾರಿ. ನಾನು ಪಾರ್ಕಿನ ಉಯ್ಯಾಲೆ ಚೈನಿಗೆ ಕೋಪ ಮಾಡ್ಕೊಂಡು ಇಷ್ಟುದ್ದ ಬರೆದೆ, ಆ ಸಂಕದ ಎದುರು ನಿಂತಾಗ ಸ್ವಲ್ಪ ನಾಚಿಕೆಯಾಯ್ತು.

ಪುಟ್ಟಿ ಈಚೆ ದಡದಲ್ಲಿ ಕೊಡೆ ಹಿಡ್ಕೊಂಡು ನಿಂತು ಅಜ್ಜಿಗೆ ಕ್ಲಾಸ್ ತೆಗೊಂಡ್ಲು. "ಅಜ್ಜಿ, ಇದು ಮರ. ಇದಕ್ಕೆ ಮಾಡು ಬೇಕು. ಇಲ್ಲದಿದ್ರೆ ಕುಂಬಾಗ್ತದೆ." ಕುಂಬು ಅನ್ನುವ ಶಬ್ದ ಯಾವಾಗ ಕಲಿತ್ಲೋ.

ಅಮ್ಮ ಹೇಳಿದ್ರು, "ಕುಂಬಾಗ್ಲಿ. ಅಡಿಕೆ ಮರ ವರ್ಷಕ್ಕೆ ನಾಲ್ಕು ಸಾಯ್ತದೆ, ಬೇಸಗೆಯಲ್ಲಿ ಹೊಸತು ಹಾಕಿದ್ರಾಯ್ತು. ಮಾಡು ಹಾಕ್ಲಿಕ್ಕೆ ಹಿಡಿಯುವ ಮರದಲ್ಲಿ ನಾಲ್ಕು ಸಂಕ ಆಗ್ತದೆ."

ಅಲ್ಲಿಗೆ ನನ್ನ ಹುಡುಕಾಟ ಮುಗಿದ ಹಾಗೆಯೇ. ಅವರಲ್ಲಿ ಹೊಳೆ ಅಗಲ, ತೊಲೆ ದೊಡ್ಡದು, ಕಡಿದು ಕೆತ್ತಿ ಕೂರಿಸ್ಲಿಕ್ಕೆ ಊರಿಡೀ ಸೇರ್ಬೇಕು, ಅದನ್ನು ಉಳಿಸ್ಕೊಳ್ಲಿಕ್ಕೆ ಮಾಡು ಹಾಕಿದ್ರು. ನಮ್ಮಲ್ಲಿ ಸಣ್ಣ ತೋಡಿಗೆ ಪ್ರತಿ ವರ್ಷ ಹೊಸ ಸಂಕ, ದೊಡ್ಡ ಹೊಳೆಗೆ ದೋಣಿ. ಮರದ ದೊಡ್ಡ ಸೇತುವೆ ಕಟ್ಟುವ ಗೋಜಿಗೇ ಹೋಗದೆ ಸೀದಾ ಬ್ರಿಟಿಷರ ಕಬ್ಬಿಣಕ್ಕೆ ಹಾರಿದೆವು ಅಂತ ನನ್ನ ಅಂದಾಜು.

ಆದ್ರೆ ಅಮ್ಮ ಅಷ್ಟಕ್ಕೆ ನಿಲ್ಲಿಸ್ಲಿಲ್ಲ. ಸಂಜೆ ಜಗಲಿಯಲ್ಲಿ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗಿತಾ ಇದ್ದವರು ಅದನ್ನೇ ಯೋಚನೆ ಮಾಡ್ತಿದ್ರು ಅಂತ ಕಾಣ್ತದೆ, ಇದ್ದಕ್ಕಿದ್ದ ಹಾಗೆ, "ಅದು ಮಡಲು ಕಟ್ಟುವ ಹಾಗೆಯೇ ಅಲ್ವಾ" ಅಂದ್ರು. ಎಂತ ಅಮ್ಮ? "ನಿನ್ನ ಅಜ್ಜನ ಕಾಲದಲ್ಲಿ ಇದು ಮಣ್ಣಿನ ಗೋಡೆ. ಮಳೆಗೆ ಮುಂಚೆ ಪಡುಬದಿಯ ಗೋಡೆಗೆ ಇಡೀ ತೆಂಗಿನ ಮಡಲು ಹೆಣೆದು ಕಟ್ಟೋದು. ಗಾಳಿ ಮಳೆ ಬಡಿದು ಗೋಡೆ ಕರಗ್ತದೆ, ಅದಕ್ಕೆ. ಒಳಗೆ ಕತ್ತಲೆ ಆಗ್ತಿತ್ತು, ನಾಲ್ಕು ತಿಂಗಳು ಚಿಮಿಣಿ ಬುಡ್ಡಿಯಲ್ಲೇ ಇರೋದು. ಅದು ಮನೆಯವರಿಗೆ ಕಟ್ಟಿದ್ದಾ? ಗೋಡೆಗೆ ಕಟ್ಟಿದ್ದು. ಇವಳ ಸಂಕಕ್ಕೂ ಹಾಗೆ." ಪಿಲಿಕುಳದಲ್ಲಿ ಬಾವ ಕೈಯಲ್ಲಿ ಅಳೆದದ್ದು ಆಗ ನನಗೆ ಅರ್ಥ ಆದದ್ದು. ಪುಟ್ಟಿ ಎದ್ದು ಹೋಗಿ ಆ ಪಡುಬದಿಯ ಗೋಡೆ ನೋಡಿ ಬಂದ್ಲು. ಈಗ ಅದು ಮುರಕಲ್ಲು, ಸಿಮೆಂಟ್, ಮೇಲೆ ನೀಲಿ ಟಾರ್ಪಲ್. ಟಾರ್ಪಲನ್ನೇ ಚಿತ್ರ ಬರ್ಕೊಂಡ್ಲು, ಲಿಸ್ಟಲ್ಲಿ ಅದೊಂದಕ್ಕೆ ಮಾತ್ರ ರೈಟ್ ಮಾರ್ಕ್.

ಅವರು ವಾಪಸ್ ಹೋದ್ರು. ಡಿಸೆಂಬರಲ್ಲಿ ಅಕ್ಕ ವಾಟ್ಸ್ಆ್ಯಪಲ್ಲಿ ಫೋಟೋ ಹಾಕಿದ್ಲು, ಅದೇ ಪಾರ್ಕ್, ಜಾರುಬಂಡಿ ಮೇಲೆ ಹಿಮ, ಹಿಂದೆ ಸೇತುವೆ, ಅದ್ರ ಬಾಯಲ್ಲಿ ಪುಟ್ಟಿ ದಪ್ಪ ಜಾಕೆಟ್ ಹಾಕ್ಕೊಂಡು ಎರಡು ಕೈಯ ಉಗುರು ಅರಳಿಸಿ ಪಿಲಿ ಪೋಸ್. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ಮೊಮ್ಮಗಳನ್ನು ಒಂದು ಸಲ ನೋಡಿ, ಬೆರಳಲ್ಲಿ ದೊಡ್ಡದು ಮಾಡಿ ಮಾಡನ್ನೇ ನೋಡ್ಲಿಕ್ಕೆ ಶುರು ಮಾಡಿದ್ರು.

"ಇದು ಹಂಚಲ್ಲ."

"ಅಲ್ಲಮ್ಮ, ಆ ಕಾಲದಲ್ಲಿ ಇಂಥದ್ದಕ್ಕೆಲ್ಲ ಮರದ್ದೇ ಸಣ್ಣ ಸಣ್ಣ ಚಕ್ಕೆ ಹೊದೆಸೋದು."

"ಮರಕ್ಕೆ ಮರದ್ದೇ ಮಾಡಾ? ಮತ್ತೆ ಆ ಮಾಡಿಗೆ ಯಾರು ಮಾಡು ಹಾಕೋದು?"

ಅಕ್ಕನಿಗೆ ಮೆಸೇಜ್ ಮಾಡಿದೆ. ಅವಳು ಪುಟ್ಟಿಗೆ ಕೇಳಿದ್ಲು. ಪುಟ್ಟಿಯ ವಾಯ್ಸ್ ಮೆಸೇಜ್ ಬಂತು, ಮಾಡಿನದ್ದು ಹಾಳಾದ್ರೆ ಅದನ್ನು ಮಾತ್ರ ತೆಗೆದು ಹೊಸತು ಹಾಕ್ತಾರಂತೆ ಅಜ್ಜಿ, ಕೆಲವು ಕೆಲವು ವರ್ಷಕ್ಕೊಮ್ಮೆ.

"ಹಾಗೆ ಹೇಳು" ಅಂತ ಅಮ್ಮ ಫೋನ್ ವಾಪಸ್ ಕೊಟ್ರು. "ಏಪ್ರಿಲಲ್ಲಿ ನಮ್ಮ ಹಂಚು ಸಹ ಒಮ್ಮೆ ಕೈಯಾಡಿಸ್ಬೇಕು, ಜನ ಸಿಗ್ತಾರಾ ನೋಡು. ಕಳೆದ ವರ್ಷ ಹೇಳಿ ಹೇಳಿ ನೀನು ಮರ್ತಿದ್ದಿ."